ಬಾಕ್ಸ್ ಸೆಟ್ ಬಂತು, ಪ್ಲೇ ಆಗ್ತಿಲ್ಲ!

ಹೋದ ತಿಂಗಳು ಈ ಅಂಕಣದಲ್ಲಿ ನನ್ನ ಮನೆಯ ಹಳೇ ಹಾಲಿವುಡ್ ಡಿಸ್ಕ್‌ಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿದೆ. "ನಿಮ್ಮಂಥವರು ಇನ್ನೂ ಇದ್ದಾರಾ?" ಅಂತ ನನ್ನಾಕೆಗೆ ಆಶ್ಚರ್ಯ. ಇದ್ದಾರೆ! ಕೆಲವರಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಅಣ್ಣನ ಮಗ ಅಮೆರಿಕದಿಂದ ಬರುವಾಗ ಹಳೇ ಸಿನಿಮಾಗಳ ಡಿವಿಡಿ ಬಾಕ್ಸ್ ಸೆಟ್ ತಂದುಕೊಟ್ಟ. ನಮ್ಮ ಪ್ಲೇಯರ್‌ಗೆ ಹಾಕಿದರೆ 'ರೀಜನ್' ಅಂತ ಏನೋ ತೋರಿಸಿ ನಿಂತುಬಿಡುತ್ತೆ. ಡಿಸ್ಕ್ ಕೆಟ್ಟಿದೆಯಾ ಸಾರ್?
— ಓದುಗರೊಬ್ಬರು, ಶಿವಮೊಗ್ಗ

ಡಿಸ್ಕ್ ಕೆಟ್ಟಿಲ್ಲ, ಪ್ಲೇಯರೂ ಕೆಟ್ಟಿಲ್ಲ. ಡಬ್ಬದ ಹಿಂದೆ ಚಿಕ್ಕದೊಂದು ಭೂಗೋಳ, ಅದರೊಳಗೆ ಒಂದು ಅಂಕಿ ಇರುತ್ತೆ ನೋಡಿ. ಅಮೆರಿಕಕ್ಕೆ 1, ಯುರೋಪು ಮತ್ತು ಜಪಾನಿಗೆ 2, ನಮಗೆ 5. ಒಂದೊಂದು ದೇಶದಲ್ಲಿ ಒಂದೊಂದು ಹೊತ್ತಿಗೆ ಮಾರಿಕೊಳ್ಳೋಣ ಅಂತ ಸಿನಿಮಾ ಕಂಪನಿಗಳು ಹಾಕಿಕೊಂಡ ಬೇಲಿ ಇದು. ಬ್ಲೂ-ರೇಗೆ ಅಂಕಿಯ ಬದಲು ಅಕ್ಷರ: ಅಮೆರಿಕ ಎ, ಯುರೋಪು ಬಿ, ಭಾರತ ಸಿ. ಹೊಸ 4ಕೆ ಡಿಸ್ಕ್‌ಗಳಿಗೆ ಈ ಬೇಲಿ ಇಲ್ಲ.

ಎಷ್ಟೋ ಡಿವಿಡಿ ಪ್ಲೇಯರ್‌ಗಳಲ್ಲಿ ರಿಮೋಟಿನ ಕೆಲವು ಗುಂಡಿಗಳನ್ನು ಸರಿಯಾದ ಕ್ರಮದಲ್ಲಿ ಒತ್ತಿದರೆ ಬೇಲಿ ತೆರೆದುಕೊಳ್ಳುತ್ತೆ. ನಿಮ್ಮ ಪ್ಲೇಯರಿನ ಮಾಡೆಲ್ ನಂಬರ್ ಹಾಕಿ ಹುಡುಕಿ, ಕ್ರಮ ಸಿಗುತ್ತೆ. ಕಂಪ್ಯೂಟರಿನಲ್ಲಿ ಮಾತ್ರ ಜೋಪಾನ. ಅದರ ಡ್ರೈವ್‌ನಲ್ಲಿ ರೀಜನ್ ಬದಲಾಯಿಸಲು ಸಿಗುವುದು ಐದೇ ಸಲ. ಆಮೇಲೆ ಕೊನೆಯದಕ್ಕೇ ಬೀಗ ಬೀಳುತ್ತೆ. ನಾನು ಆ ಐದೂ ಅವಕಾಶವನ್ನು ಒಂದೇ ಭಾನುವಾರ ಖರ್ಚು ಮಾಡಿದ ಮಹಾನುಭಾವ.

ಯುರೋಪಿನ ಡಿವಿಡಿ ಅಗ್ಗ ಅಂತ ತರಿಸುವವರು ಇನ್ನೊಂದು ವಿಷಯ ತಿಳಿದಿರಲಿ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟಿನಂತೆ. ಅಲ್ಲಿನ ಟಿವಿಗಳ 'ಪಾಲ್' (PAL) ಪದ್ಧತಿಗೆ ಹೊಂದಿಸಿದ ಡಿವಿಡಿಯಲ್ಲಿ ಅದನ್ನೇ 25ರ ವೇಗದಲ್ಲಿ ಓಡಿಸುತ್ತಾರೆ. 100 ನಿಮಿಷದ ಸಿನಿಮಾ 96 ನಿಮಿಷಕ್ಕೇ ಮುಗಿಯುತ್ತೆ. ಧ್ವನಿಯೂ ಒಂದು ಚೂರು ಮೇಲಕ್ಕೆ ಹೋಗುತ್ತೆ. ಮಾತಿನ ಸಿನಿಮಾದಲ್ಲಿ ಗೊತ್ತಾಗುವುದಿಲ್ಲ. ಹಾಡು ಕುಣಿತದ ಸಿನಿಮಾ ಆದರೆ ಶ್ರುತಿಜ್ಞಾನ ಇರುವವರು ಎದ್ದುಹೋಗುತ್ತಾರೆ.

ಈಗ ತಾನೇ ನಿವೃತ್ತನಾಗಿದ್ದೇನೆ. ಹಳೇ ಹಾಲಿವುಡ್ ಕೂಡಿಡಬೇಕು ಅಂತ ಆಸೆ. ಯಾವ ಸೆಟ್‌ನಿಂದ ಶುರು ಮಾಡಲಿ? ದೊಡ್ಡದೇ ತಗೊಂಡುಬಿಡಲಾ?
— ಹುಬ್ಬಳ್ಳಿಯ ಹಿರಿಯರು

ದೊಡ್ಡದು ಬೇಡ ಸಾರ್. ನನ್ನ ಕಪಾಟಿನಲ್ಲಿ 2007ರ 'ಫೋರ್ಡ್ ಅಟ್ ಫಾಕ್ಸ್' ಇದೆ. ನಿರ್ದೇಶಕ ಜಾನ್ ಫೋರ್ಡ್ ಫಾಕ್ಸ್ ಕಂಪನಿಗೆ ಮಾಡಿದ 24 ಸಿನಿಮಾ, 21 ಡಿಸ್ಕ್. ಡಬ್ಬ ಎತ್ತಿದರೆ ಸೊಂಟ ಹಿಡಿಯುತ್ತೆ. ಅದರಲ್ಲಿ ಕೆಲವು ಡಿಸ್ಕ್‌ಗಳನ್ನು ನಾನು ಇವತ್ತಿಗೂ ಹೊರಗೆ ತೆಗೆದಿಲ್ಲ. ಮನೆಯಲ್ಲಿ ಹೇಳಬೇಡಿ.

ನಾಲ್ಕೈದು ಸಿನಿಮಾದ ಚಿಕ್ಕ ಸೆಟ್ ತಗೊಳ್ಳಿ. ಒಬ್ಬ ನಿರ್ದೇಶಕ ಅಥವಾ ಒಂದು ಬಗೆಯ ಸಿನಿಮಾ, ಅಷ್ಟೇ ಇರಲಿ. ನನ್ನನ್ನು ಹಾಳು ಮಾಡಿದ್ದು ವಾರ್ನರ್‌ನವರು 2004ರಲ್ಲಿ ತಂದ 'ಫಿಲಂ ನ್ವಾರ್ ಕ್ಲಾಸಿಕ್ ಕಲೆಕ್ಷನ್' ಮೊದಲ ಸಂಪುಟ. ನ್ವಾರ್ ಅಂದರೆ ಕತ್ತಲು, ಅಪರಾಧ ತುಂಬಿದ ಕಪ್ಪು ಬಿಳುಪು ಸಿನಿಮಾಗಳು. ಐದು ಸಿನಿಮಾ. ನನಗೆ ಬೇಕಿದ್ದದ್ದು ಒಂದೇ, ಜಾನ್ ಹ್ಯೂಸ್ಟನ್‌ನ 'ದಿ ಆಸ್ಫಾಲ್ಟ್ ಜಂಗಲ್'. ಉಳಿದ ನಾಲ್ಕು, ತರಕಾರಿ ಜೊತೆ ಕೊಸರು ಕೊತ್ತಂಬರಿ ಬರುತ್ತಲ್ಲ, ಹಾಗೆ ಬಂದವು.

ಒಂದು ರಾತ್ರಿ ಊಟಕ್ಕೆ ಇನ್ನೂ ಹೊತ್ತಿತ್ತು. ಕೊಸರಿನಲ್ಲಿ ಬಂದ 'ದಿ ಸೆಟ್-ಅಪ್' ಬರೀ 72 ನಿಮಿಷದ್ದು ಅಂತ ಸುಮ್ನೆ ಹಾಕಿದೆ. ಶುರುವಿನಲ್ಲಿ ಬೀದಿ ಗಡಿಯಾರದಲ್ಲಿ ಒಂಬತ್ತು ದಾಟಿ ಐದು ನಿಮಿಷ. ಆಮೇಲೆ ಕತೆಯ ಒಂದು ನಿಮಿಷಕ್ಕೆ ನಮ್ಮದೂ ಒಂದೇ ನಿಮಿಷ. ವಯಸ್ಸಾಗುತ್ತಿರುವ ಒಬ್ಬ ಬಾಕ್ಸರ್, ಆ ಪಾತ್ರದಲ್ಲಿ ರಾಬರ್ಟ್ ರಯಾನ್. ಅವನು ಸೋಲಬೇಕು ಅಂತ ಅವನ ಮ್ಯಾನೇಜರ್ ದುಡ್ಡು ತಿಂದಿದ್ದಾನೆ. ಆದರೆ ಅವನಿಗೆ ಹೇಳಿಯೇ ಇಲ್ಲ. ಯಾಕೆ? ಹೇಗಿದ್ದರೂ ಇವನು ಸೋಲುವವನೇ, ಹೇಳಿ ಪಾಲು ಯಾಕೆ ಕೊಡಬೇಕು ಅಂತ! ಎದುರಿನ ಹೋಟೆಲಿನಲ್ಲಿ ಹೆಂಡತಿ ಇದ್ದಾಳೆ. ಬಟ್ಟೆ ಬದಲಾಯಿಸುವ ಕೋಣೆಯ ಕಿಟಕಿಯಿಂದ ಅವಳ ಕೋಣೆಯ ದೀಪ ಕಾಣುತ್ತೆ. ಅದು ಆರುತ್ತೆ. ಬರುತ್ತಿದ್ದಾಳೆ ಅಂತ ಅವನ ಮುಖ ಅರಳುತ್ತೆ. ಅವಳೋ ಬೀದಿ ಸುತ್ತುತ್ತಾಳೆ, ಸೇತುವೆ ಮೇಲೆ ನಿಂತು ಪಂದ್ಯದ ಟಿಕೆಟ್ ಹರಿದು ಕೆಳಗೆ ಬಿಡುತ್ತಾಳೆ. ಊಟಕ್ಕೆ ಎರಡು ಸಲ ಕರೆದರಂತೆ, ನನಗೆ ಕೇಳಿಸಿಲ್ಲ.

ಇದು 1949ರ ಸಿನಿಮಾ. ನಿರ್ದೇಶಕ ರಾಬರ್ಟ್ ವೈಸ್. ಹದಿನಾರು ವರ್ಷ ಆದಮೇಲೆ 'ದಿ ಸೌಂಡ್ ಆಫ್ ಮ್ಯೂಸಿಕ್' ಮಾಡಿದವರೂ ಇವರೇ ಅಂದರೆ ನಂಬೋದು ಕಷ್ಟ ಅಲ್ವಾ? ಬಿಡಿ ಬಿಡಿಯಾಗಿ ಕೊಳ್ಳುವುದಾಗಿದ್ದರೆ ನಾನು ಈ ಸಿನಿಮಾ ಕೊಳ್ಳುತ್ತಲೇ ಇರಲಿಲ್ಲ. ಬಾಕ್ಸ್ ಸೆಟ್ ಕೊಳ್ಳಬೇಕಾದದ್ದು ಈ ಕೊಸರಿಗಾಗಿ.

ಒಂದು ಎಚ್ಚರಿಕೆ. '50 ಸಿನಿಮಾ, ಒಂದೇ ಡಬ್ಬ' ಅಂತ ಅಗ್ಗಕ್ಕೆ ಸಿಗುವುದನ್ನು ಮುಟ್ಟಬೇಡಿ. ಹೆಚ್ಚಿನವು ಹಕ್ಕುಸ್ವಾಮ್ಯ ಮುಗಿದ ಸಿನಿಮಾಗಳು. ಸವೆದುಹೋದ ಯಾವುದೋ ಪ್ರಿಂಟಿನಿಂದ ಎತ್ತಿರುತ್ತಾರೆ. ಹೀರೋ ಯಾರು, ಕಳ್ಳ ಯಾರು ಅಂತ ಮುಖ ನೋಡಿ ಹೇಳಲಾಗದು.

ಹಾಸ್ಯನಟರಾದ ಮಾರ್ಕ್ಸ್ ಸಹೋದರರ ಎಲ್ಲ ಸಿನಿಮಾ ಒಂದೇ ಸೆಟ್‌ನಲ್ಲಿ ಯಾಕೆ ಸಿಗಲ್ಲ? ಯೂನಿವರ್ಸಲ್ ಡಬ್ಬ ಅಂತ ತಂದರೆ ಒಳಗೆ ಪ್ಯಾರಾಮೌಂಟ್‌ನ ಬೆಟ್ಟದ ಗುರುತು ಬರ್ತಿದೆ. ನಕಲಿ ಮಾಲಾ?
— ಕಾಲೇಜು ವಿದ್ಯಾರ್ಥಿ, ದಾವಣಗೆರೆ

ಅಸಲಿ ಮಾಲೇ ಕಣಪ್ಪ. ಇದು ಮನೆ ಪಾಲಾದ ಕತೆ. ಪ್ಯಾರಾಮೌಂಟ್ ಕಂಪನಿ 1958ರಲ್ಲಿ ತನ್ನ ಹಳೇ ಮಾತಿನ ಸಿನಿಮಾಗಳನ್ನು, 700ಕ್ಕೂ ಹೆಚ್ಚು, ಎಂಸಿಎ ಅನ್ನುವ ಕಂಪನಿಗೆ ಟಿವಿಗಾಗಿ ಮಾರಿಬಿಟ್ಟಿತು. ಆಮೇಲೆ ಎಂಸಿಎ ಯೂನಿವರ್ಸಲ್ ಅನ್ನೇ ಕೊಂಡಿತು. ಹಾಗಾಗಿ ಬೆಟ್ಟದ ಗುರುತಿನ ಸಿನಿಮಾ ಯೂನಿವರ್ಸಲ್ ಡಬ್ಬದಲ್ಲಿದೆ. ಇತ್ತ ಎಂಜಿಎಂ ಸ್ಟುಡಿಯೋವನ್ನು 1986ರಲ್ಲಿ ಟಿವಿ ಉದ್ಯಮಿ ಟೆಡ್ ಟರ್ನರ್ ಕೊಂಡರು. ಕೆಲವೇ ತಿಂಗಳಲ್ಲಿ ಸ್ಟುಡಿಯೋವನ್ನು ವಾಪಸ್ ಮಾರಿ, ಹಳೇ ಸಿನಿಮಾಗಳ ಗಂಟನ್ನು ಮಾತ್ರ ತಾವು ಇಟ್ಟುಕೊಂಡರು. 1996ರಲ್ಲಿ ಟರ್ನರ್ ಕಂಪನಿ ಟೈಮ್ ವಾರ್ನರ್ ಜೊತೆ ಸೇರಿತು. ಎಂಜಿಎಂ ಗುರುತಿನ ಸಿಂಹ ಗರ್ಜಿಸುವ 'ಸಿಂಗಿನ್ ಇನ್ ದ ರೇನ್' ವಾರ್ನರ್ ಡಬ್ಬದಲ್ಲಿ ಬರುವುದು ಅದಕ್ಕೇ.

ಮಾರ್ಕ್ಸ್ ಸಹೋದರರು 1929ರಿಂದ 1933ರವರೆಗೆ ಪ್ಯಾರಾಮೌಂಟ್‌ಗೆ ಐದು ಸಿನಿಮಾ ಮಾಡಿದರು. ಕೊನೆಯದು 'ಡಕ್ ಸೂಪ್'. ಅವು ಯೂನಿವರ್ಸಲ್ ಪಾಲು. ಆಮೇಲೆ ಎಂಜಿಎಂಗೆ ಹೋಗಿ ಮಾಡಿದ 'ಎ ನೈಟ್ ಅಟ್ ದಿ ಆಪೆರಾ' ಥರದವು ವಾರ್ನರ್ ಪಾಲು. ಎರಡು ಡಬ್ಬ ಕೊಳ್ಳಲೇಬೇಕು. ದುಡ್ಡು ಒಂದಕ್ಕೇ ಇದ್ದರೆ ಮೊದಲಿನದು ತಗೋ. ಎಂಜಿಎಂನವರು ನಡುನಡುವೆ ಪ್ರೇಮಗೀತೆ ತುರುಕಿದರು. ಹಾಡು ಬಂದಾಗ ಕಾಫಿ ಮಾಡಿಕೊಂಡು ಬರಬಹುದು.

ಹಳೇ ಸಿನಿಮಾ ಹಾಕಿದರೆ ಟಿವಿಯ ಎರಡೂ ಪಕ್ಕ ಕಪ್ಪು ಪಟ್ಟಿ. ದುಡ್ಡು ಕೊಟ್ಟು 55 ಇಂಚಿನ ಟಿವಿ ತಂದಿದ್ದು ಯಾಕೆ? ಎಳೆದು ತುಂಬಿಸುವುದು ಹೇಗೆ?
— ಮಂಡ್ಯ

ಹೇಗೆ ಅಂತ ನನಗೆ ಗೊತ್ತು, ಹೇಳಿಕೊಡಲ್ಲ. 1953ರಲ್ಲಿ 'ದಿ ರೋಬ್' ಅಗಲ ಪರದೆಯ ಸಿನಿಮಾಸ್ಕೋಪಿನಲ್ಲಿ ಬರುವ ತನಕ ಹಾಲಿವುಡ್ ಪರದೆ ಹೆಚ್ಚುಕಡಿಮೆ ಚೌಕವೇ ಇತ್ತು. ಎಳೆದರೆ ನಟಿ ಇಂಗ್ರಿಡ್ ಬರ್ಗ್‌ಮನ್ ಮುಖ ಕುಂಬಳಕಾಯಿ ಆಗುತ್ತೆ. ಪಟ್ಟಿ ಇರಲಿ ಬಿಡಿ.

ನಮ್ಮವರ ಡಿಸ್ಕ್‌ಗಳಿಂದ ಹಾಲ್‌ನಲ್ಲಿ ಕಾಲಿಡಲು ಜಾಗ ಇಲ್ಲ. ಎಲ್ಲ ಒಟಿಟಿಯಲ್ಲಿ ಬರುತ್ತಲ್ಲ, ಇದೆಲ್ಲ ಯಾಕೆ ಅಂದರೆ ಸಿಟ್ಟಾಗುತ್ತಾರೆ. ನೀವಾದರೂ ಬುದ್ಧಿ ಹೇಳಿ.
— ಗೃಹಿಣಿ, ಮಂಗಳೂರು

ಮೇಡಂ, ಕಳ್ಳನ ಕೈಗೇ ಬೀಗದಕೈ ಕೊಟ್ಟಿದ್ದೀರಿ! ಮೊದಲು ನಿಮ್ಮ ಪರವಾಗಿ ಒಂದು ಮಾತು. ಪ್ಲಾಸ್ಟಿಕ್ ಡಬ್ಬಗಳನ್ನು ತೆಗೆದುಬಿಟ್ಟು, ಡಿಸ್ಕ್‌ಗಳನ್ನು ಒಳ್ಳೆ ತೆಳು ಲಕೋಟೆಗಳಿಗೆ ಹಾಕಿದರೆ ಮುಕ್ಕಾಲು ಜಾಗ ಉಳಿಯುತ್ತೆ. ನನ್ನ ಮಗಳೂ ನನಗೆ ಡಿಸ್ಕ್ ತರುವಾಗ ಸೂಟ್‌ಕೇಸಿನಲ್ಲಿ ಹಾಗೆಯೇ ತರುತ್ತಾಳೆ.

ಈಗ ಅವರ ಪರವಾಗಿ. ಒಟಿಟಿಯಲ್ಲಿ 1930ರ, 40ರ ಸಿನಿಮಾ ಎಷ್ಟು ಇವೆ, ಇವತ್ತು ರಾತ್ರಿ ಹುಡುಕಿ ನೋಡಿ. ಇದ್ದರೂ ಇವತ್ತಿದ್ದದ್ದು ನಾಳೆ ಇರಲ್ಲ. ಇನ್ನೊಂದು, ಯಾವ ಪ್ರತಿ ತೋರಿಸುತ್ತಿದ್ದಾರೆ ಅನ್ನುವುದು. 1933ರ 'ಬೇಬಿ ಫೇಸ್' ಅಂತ ಒಂದು ಸಿನಿಮಾ ಇದೆ. ಬಾರ್ಬರಾ ಸ್ಟಾನ್‌ವಿಕ್ ಬ್ಯಾಂಕಿನ ಒಂದೊಂದು ಮಹಡಿ ಏರಲು ಒಬ್ಬೊಬ್ಬ ಗಂಡಸನ್ನು ಮೆಟ್ಟಿಲು ಮಾಡಿಕೊಳ್ಳುತ್ತಾಳೆ. ನ್ಯೂಯಾರ್ಕಿನ ಸೆನ್ಸಾರ್ ಒಪ್ಪಲಿಲ್ಲ. ಕತ್ತರಿಸಿದರು, ಕೊನೆ ಬದಲಾಯಿಸಿದರು. ಊರಿನಲ್ಲಿ ಒಬ್ಬ ಮುದುಕ ಚಮ್ಮಾರ ಅವಳಿಗೆ ತತ್ವಜ್ಞಾನಿ ನೀತ್ಸೆಯ ಪುಸ್ತಕ ಓದಿ ಹೇಳುತ್ತಾನೆ: ನಿನಗಿರುವ ಶಕ್ತಿ ಬಳಸು, ಗಂಡಸರನ್ನು ಬಳಸಿಕೋ. ಕತ್ತರಿ ಬಿದ್ದ ಪ್ರತಿಯಲ್ಲಿ ಅದೇ ಮುದುಕ ಒಳ್ಳೇ ದಾರಿ, ಕೆಟ್ಟ ದಾರಿ ಅಂತ ಉಪದೇಶ ಮಾಡುತ್ತಾನೆ! ಎಪ್ಪತ್ತು ವರ್ಷ ಜನ ನೋಡಿದ್ದು ಉಪದೇಶದ ಪ್ರತಿಯನ್ನೇ. 2004ರಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್‌ನ ಸಂಗ್ರಹದಲ್ಲಿ ಕತ್ತರಿ ಬೀಳದ ಪ್ರತಿ ಸಿಕ್ಕಿತು. 2006ರ 'ಫಾರ್ಬಿಡನ್ ಹಾಲಿವುಡ್' ಸೆಟ್‌ನಲ್ಲಿ ಎರಡೂ ಇವೆ. ಒಂದು ಶನಿವಾರ, ಒಂದು ಭಾನುವಾರ ಹಾಕಿ ಇಬ್ಬರೂ ಕೂತು ನೋಡಿ. ಆಮೇಲೂ ಹಾಲ್ ಖಾಲಿ ಮಾಡಿಸಬೇಕು ಅನ್ನಿಸಿದರೆ ನನಗೆ ಬರೆಯಿರಿ. ಡಿಸ್ಕ್ ಎಲ್ಲ ನಾನೇ ಬಂದು ಒಯ್ಯುತ್ತೇನೆ.

ಮಳೆಗಾಲ ಮುಗಿಯುವಷ್ಟರಲ್ಲಿ ಡಿಸ್ಕ್ ಮೇಲೆ ಬೂಷ್ಟು. ಕೆಲವು ಚೊಕ್ಕವಾಗಿದ್ದರೂ ನಡುವೆ ನಿಂತುಬಿಡುತ್ತವೆ. ಏನು ಮಾಡಲಿ?
— ಕುಂದಾಪುರ

ಎರಡೂ ಬೇರೆ ಬೇರೆ ರೋಗ. ಬೂಷ್ಟಿಗೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವ ಒಂದೇ ಹನಿ, ಮೆತ್ತನೆ ಹತ್ತಿಬಟ್ಟೆ. ದೋಸೆ ಹುಯ್ಯುವ ಹಾಗೆ ಸುತ್ತಿ ಸುತ್ತಿ ಒರೆಸಬೇಡಿ. ನಡುವಿನ ತೂತಿನಿಂದ ಅಂಚಿಗೆ ನೇರ ಎಳೆಯಿರಿ. ಅಡ್ಡ ಬಿದ್ದ ಗೀರನ್ನು ಪ್ಲೇಯರ್ ದಾಟಿಕೊಂಡು ಹೋಗುತ್ತೆ, ಸುತ್ತಿನ ಉದ್ದಕ್ಕೆ ಬಿದ್ದ ಗೀರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಕಪಾಟನ್ನು ಹೊರಗೋಡೆಗೆ ತಾಗಿಸಬೇಡಿ. ಡಿಸ್ಕ್‌ಗಳು ಪುಸ್ತಕದ ಹಾಗೆ ನಿಂತಿರಲಿ. ಹೊಸ ಚಪ್ಪಲಿ ಡಬ್ಬದಲ್ಲಿ ಬರುತ್ತಲ್ಲ, ಆ ಹರಳಿನ ಪೊಟ್ಟಣಗಳನ್ನು ಬಿಸಾಡದೆ ಒಳಗೆ ಹಾಕಿ.

ಎರಡನೆಯ ರೋಗಕ್ಕೆ ಮದ್ದಿಲ್ಲ. ಡಿವಿಡಿ ಅಂದರೆ ಎರಡು ತೆಳು ತಟ್ಟೆ ಅಂಟಿಸಿ ಮಾಡಿದ್ದು. ಆ ಅಂಟು ಸರಿ ಇರದಿದ್ದರೆ ಒಳಗಿನ ಪದರ ಕೆಡುತ್ತೆ. ನಾನು 2007ರ ಸುಮಾರಿಗೆ ಕೊಂಡ ಒಂದು ಸೆಟ್ ಹತ್ತು ವರ್ಷ ಕಪಾಟಿನಲ್ಲೇ ಇತ್ತು. ಒಂದು ಗೀರಿಲ್ಲ, ಕನ್ನಡಿ ಹಾಗೆ ಹೊಳೆಯುತ್ತಿತ್ತು. ಹಾಕಿದರೆ ಒಂದು ಗಂಟೆ ಓಡಿ, ನಾಯಕಿ ಬಾಗಿಲು ತೆಗೆಯುವ ಹೊತ್ತಿಗೆ ನಿಂತಿತು. ಎಂಟರಲ್ಲಿ ಮೂರು ಡಿಸ್ಕ್ ಹಾಗೇ. ಟ್ಯೂಬ್‌ಲೈಟಿಗೆ ಹಿಡಿದರೆ ಅಂಚಿನಲ್ಲಿ ಹಾಲು ಚೆಲ್ಲಿದಂಥ ಮಸುಕು. ಕಂಪನಿಗೆ ಬರೆದೆ, ಉತ್ತರ ಬರಲಿಲ್ಲ. ತಪ್ಪು ನನ್ನದೂ ಇದೆ. ಕೊಂಡ ತಿಂಗಳಲ್ಲೇ ಪೂರ್ತಿ ನೋಡಿದ್ದರೆ ಸಿನಿಮಾವಾದರೂ ದಕ್ಕುತ್ತಿತ್ತು. ಈಗ ಪ್ರತಿ ವರ್ಷ ಆಯುಧಪೂಜೆಗೆ ಮುಂಚೆ ಎಲ್ಲ ಡಬ್ಬ ಇಳಿಸಿ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತೇನೆ.

ಕಾರಾಪುರದ ಮಾವುತರ ಹುಡುಗನೊಬ್ಬ ಹಾಲಿವುಡ್ ಹೀರೋ ಆಗಿದ್ದ ಅಂತ ನಮ್ಮ ತಾತ ಹೇಳುತ್ತಿದ್ದರು. ನಿಜವಾ? ಡಿಸ್ಕ್ ಇದೆಯಾ?
— ಎಚ್.ಡಿ. ಕೋಟೆಯ ಶಿಕ್ಷಕಿ

ನಿಜ ಮೇಡಂ. ಈ ಪತ್ರ ನೋಡಿ ತುಂಬಾ ಖುಷಿಯಾಯಿತು. ಆ ಹುಡುಗ ಸಾಬು. ಹುಟ್ಟಿದ್ದು 1924ರಲ್ಲಿ. ತಂದೆ ಮೈಸೂರು ಮಹಾರಾಜರ ಸೇವೆಯಲ್ಲಿದ್ದ ಮಾವುತ. 'ಎಲಿಫೆಂಟ್ ಬಾಯ್' ಸಿನಿಮಾಕ್ಕೆ ಹುಡುಗನನ್ನು ಹುಡುಕುತ್ತಾ ಮೈಸೂರಿಗೆ ಬಂದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ತಂಡದ ಕಣ್ಣಿಗೆ ಬಿದ್ದ. ಅದು 1937ರಲ್ಲಿ ತೆರೆಗೆ ಬಂದ ಬ್ರಿಟಿಷ್ ಸಿನಿಮಾ. ಆಮೇಲೆ ಸಾಬು ಅಮೆರಿಕಕ್ಕೆ ಹೋದ. 1942ರ 'ಜಂಗಲ್ ಬುಕ್'ನಲ್ಲಿ ಮೌಗ್ಲಿ ಅವನೇ. ಅಮೆರಿಕದ ಪ್ರಜೆಯಾದ, ಯುದ್ಧದಲ್ಲಿ ಬಾಂಬರ್ ವಿಮಾನದ ಹಿಂಬದಿ ಗನ್ನರ್ ಆಗಿದ್ದ. 1963ರಲ್ಲಿ, ಬರೀ 39 ವರ್ಷಕ್ಕೆ, ಹೃದಯಾಘಾತದಿಂದ ತೀರಿಕೊಂಡ.

ಡಿಸ್ಕ್ ಇದೆ. ಕ್ರೈಟೀರಿಯನ್ ಅನ್ನುವ ಡಿಸ್ಕ್ ಕಂಪನಿಯವರ 'ಎಕ್ಲಿಪ್ಸ್' ಮಾಲೆಯ 30ನೇ ಸೆಟ್‌ಗೆ ಹೆಸರೇ 'ಸಾಬು!'. 2011ರಲ್ಲಿ ಬಂತು. 'ಎಲಿಫೆಂಟ್ ಬಾಯ್', 'ದಿ ಡ್ರಮ್', 'ಜಂಗಲ್ ಬುಕ್' ಮೂರೂ ಇವೆ. ಅಮೆರಿಕದ ಡಿವಿಡಿ, ಹಾಗಾಗಿ ಶಿವಮೊಗ್ಗದವರಿಗೆ ಕೊಟ್ಟ ಉತ್ತರ ಮೊದಲು ಓದಿಕೊಳ್ಳಿ. 'ಜಂಗಲ್ ಬುಕ್' ಬಿಡಿಯಾಗಿ ಎಲ್ಲೆಲ್ಲೂ ಅಗ್ಗಕ್ಕೆ ಸಿಗುತ್ತೆ, ಅದನ್ನು ನೋಡಿ ಕಣ್ಣು ಕೆಡಿಸಿಕೊಳ್ಳಬೇಡಿ. ಅದರ ಬಣ್ಣ ಇರಬೇಕಾದ ಹಾಗೆ ಇರಬೇಕು.

ನಾನಿರುವುದು ಮೈಸೂರಿನಲ್ಲೇ. ಸೆಟ್ ನನ್ನ ಹತ್ತಿರ ಇದೆ, ಪ್ಲೇಯರೂ ಇದೆ. ಶಾಲೆಯಲ್ಲಿ ಪ್ರೊಜೆಕ್ಟರ್ ಇದ್ದರೆ ತಿಳಿಸಿ, ಒಂದು ಶನಿವಾರ ಮಧ್ಯಾಹ್ನ ತಂದು ಹಾಕುತ್ತೇನೆ. 'ಎಲಿಫೆಂಟ್ ಬಾಯ್' ಕಪ್ಪು ಬಿಳುಪು, ಇಂಗ್ಲಿಷು, ಮಕ್ಕಳಿಗೆ ಸ್ವಲ್ಪ ನಿಧಾನ ಅನ್ನಿಸಬಹುದು. ಆದರೆ ಸಾಬು ಆನೆಯ ಸೊಂಡಿಲು ಹಿಡಿದು ಮೇಲೆ ಹತ್ತುವಾಗ ನಿಮ್ಮ ಊರಿನ ಮಕ್ಕಳಿಗೆ ಯಾರೂ ಏನೂ ವಿವರಿಸಬೇಕಾಗಿಲ್ಲ. ಸಿನಿಮಾದಲ್ಲಿ ಆನೆಗೆ ಕಾಲಾ ನಾಗ್ ಅಂತ ಹೆಸರು. ಆ ಪಾತ್ರ ಮಾಡಿದ್ದು ನಮ್ಮ ಅರಮನೆಯ ಐರಾವತ.