ಪ್ರ: ಸ್ತನಕ್ಕೆ ಇಂಪ್ಲಾಂಟ್ ಹಾಕಿದ ಆಪರೇಷನ್ ಆಗಿ 10 ದಿನ, ರಾತ್ರಿ ಸಪೋರ್ಟ್ ಬ್ರಾ ತೆಗೆಯಬಹುದಾ?

ಕೆಳಗಿನ ಎಲಾಸ್ಟಿಕ್ ಒತ್ತಿ ಗುರುತು ಬೀಳ್ತಿದೆ, ಅದಕ್ಕೇ ಮಲಗುವಾಗ ತೆಗೀಲಾ ಅಂತ ಕೇಳಿದ್ದೀರಿ. ನಿಮ್ಮ ಸರ್ಜನ್ ಬೇರೆ ಹೇಳಿಲ್ಲ ಅಂದ್ರೆ ಈಗಲೇ ಬೇಡ. ಸಾಮಾನ್ಯವಾಗಿ 4ರಿಂದ 6 ವಾರ ಹಗಲೂ ರಾತ್ರಿ ಹಾಕಿರಬೇಕು, ಸ್ನಾನಕ್ಕೆ ಮಾತ್ರ ಬಿಡುವು. ಇಂಪ್ಲಾಂಟ್ ಸುತ್ತಲಿನ ಪೊರೆ ಗಟ್ಟಿಯಾಗೋವರೆಗೆ ಅದು ಪಕ್ಕಕ್ಕೆ ಸರಿಯಬಾರದು, ಊತವೂ ಇಳಿಯಬೇಕು.

ಗುರುತು ಬೀಳೋದು ಬಹುಪಾಲು ಅಳತೆಯ ತಪ್ಪು. ಹುಕ್ ಹಾಕಿದ ಮೇಲೆ ಪಟ್ಟಿಯಡಿ ಎರಡು ಬೆರಳು ಸಲೀಸಾಗಿ ಹೋಗಬೇಕು. ಹೋಗ್ತಿಲ್ವಾ, ಹೊರಗಿನ ಹುಕ್ಕಿಗೆ ಬದಲಿಸಿ. ಆಗಲೂ ಬಿಗಿಯಾದರೆ ಒಂದು ಸೈಜ್ ದೊಡ್ಡದು ತಗೊಳ್ಳಿ. ಗಾಯ ಸ್ತನದ ಕೆಳಮಡಿಕೆಯಲ್ಲಿದ್ದರೆ ಬ್ರಾದ ಕೆಳಪಟ್ಟಿ ಅಲ್ಲೇ ಉಜ್ಜುತ್ತೆ, ನಡುವೆ ಒಣ ಗಾಜ್ ಬಟ್ಟೆ (ಗಾಯಕ್ಕೆ ಕಟ್ಟೋ ತೆಳು ಬಟ್ಟೆ) ಮಡಚಿ ಇಡಿ. ಮುಂದೆ ಹುಕ್ ಅಥವಾ ಜಿಪ್ ಇರೋದೇ ಒಳ್ಳೇದು, ತಲೆ ಮೇಲಿಂದ ಹಾಕೋದಕ್ಕೆ ಕೈ ಎತ್ತೋ ಹಾಗಿಲ್ಲವಲ್ಲ. ಬದಲಿಸೋಕೆ ಇಂಥ ಬ್ರಾ ಎರಡಾದರೂ ಇರಲಿ, ಬೆವರಿನ ಒದ್ದೆ ಬಟ್ಟೆ ಗಾಯದ ಮೇಲೆ ಕೂರಬಾರದು.

ತಂತಿ ಇರೋ ಬ್ರಾ, ಪುಶ್-ಅಪ್ ಎರಡೂ ಸದ್ಯಕ್ಕಿಲ್ಲ. ಎಷ್ಟೋ ಸರ್ಜನ್‌ಗಳು ಮೂರು ತಿಂಗಳು ಕಾಯಿಸ್ತಾರೆ.

ಒಂದೇ ಕಡೆ ದಿಢೀರ್ ಊದಿಕೊಂಡು ಗಟ್ಟಿಯಾದ್ರೆ, ಜ್ವರ ಬಂದ್ರೆ, ಗಾಯದಿಂದ ಕೀವು ಸೋರಿದ್ರೆ ಬ್ರಾ ವಿಚಾರ ಬಿಟ್ಟು ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ.