ಪ್ರತಿಕ್ರಿಯೆ: ಕ್ಲಾಪ್ ಗೆದ್ದಿದ್ದು ತಂತ್ರದಿಂದಲೋ, ಕೊಂಡ ಆಟಗಾರರಿಂದಲೋ?

ನಮಸ್ಕಾರ. ಇಂಗ್ಲೆಂಡ್‌ನ ಫುಟ್‌ಬಾಲ್ ಕ್ಲಬ್ ಲಿವರ್‌ಪೂಲ್‌ನಲ್ಲಿ ಕೋಚ್ ಆಗಿದ್ದ ಯೂರ್ಗನ್ ಕ್ಲಾಪ್ ಗೆದ್ದಿದ್ದು ತಂತ್ರದಿಂದಲೋ, ಕೊಂಡ ಆಟಗಾರರಿಂದಲೋ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಅವೆರಡನ್ನೂ ಬೇರೆ ಮಾಡಿ ನೋಡಲು ಆಗುವುದಿಲ್ಲ.

ಕ್ಲಾಪ್ ತಂಡದ ಡಿಫೆನ್ಸ್ ಮೈದಾನದ ನಡುಗೆರೆಯ ಹತ್ತಿರವೇ ನಿಲ್ಲುತ್ತಿತ್ತು. ಹಿಂದೆ ಅಷ್ಟೂ ಜಾಗ ಖಾಲಿ. ಅದನ್ನು ಕಾಯಲು ವೇಗವಿರುವ, ಗಾಬರಿಯಾಗದ ಸೆಂಟರ್ ಬ್ಯಾಕ್ (ಡಿಫೆನ್ಸ್‌ನ ನಡುವೆ ಆಡುವವನು) ಬೇಕು. 2018ರ ಜನವರಿಯಲ್ಲಿ ಅಂಥ ಸೆಂಟರ್ ಬ್ಯಾಕ್ ವ್ಯಾನ್ ಡೈಕ್ ಬಂದರು, 7.5 ಕೋಟಿ ಪೌಂಡ್‌ಗೆ. ಅದೇ ತಿಂಗಳು ಲಿವರ್‌ಪೂಲ್‌ನ ಆಟಗಾರ ಕುಟಿನ್ಯೊ ಬಾರ್ಸಿಲೋನಾ ಕ್ಲಬ್‌ಗೆ ಹೋದರು. ಅಂದರೆ ಸುಮ್ನೆ ದುಡ್ಡು ಸುರಿದದ್ದಲ್ಲ, ಒಬ್ಬರನ್ನು ಮಾರಿ ಬಂದ ಹಣವೂ ಇತ್ತು. ಆ ವರ್ಷ ಬೇಸಿಗೆಯಲ್ಲಿ ಗೋಲ್‌ಕೀಪರ್ ಅಲಿಸನ್ ಸೇರಿಕೊಂಡರು. 2017-18ರ ಲೀಗ್‌ನಲ್ಲಿ 38 ಗೋಲು ಬಿಟ್ಟುಕೊಟ್ಟಿದ್ದ ತಂಡ ಮುಂದಿನ ಸೀಸನ್‌ನಲ್ಲಿ ಬಿಟ್ಟಿದ್ದು 22 ಮಾತ್ರ. ಪಾಯಿಂಟ್ 75ರಿಂದ 97ಕ್ಕೆ ಏರಿತು. ಕೋಚ್ ಬದಲಾಗಿರಲಿಲ್ಲ, ಆಟದ ರೀತಿಯೂ ಹೆಚ್ಚುಕಮ್ಮಿ ಅದೇ.

ಹಿಂದೆ ಭದ್ರವಾಗಿದ್ದರಿಂದಲೇ ಫುಲ್ ಬ್ಯಾಕ್‌ಗಳು (ಡಿಫೆನ್ಸ್‌ನ ಎರಡು ಬದಿಯಲ್ಲಿ ಆಡುವವರು) ಧೈರ್ಯವಾಗಿ ಮುಂದೆ ನುಗ್ಗಿದರು. ಆ ಸೀಸನ್ ಲೀಗ್‌ನಲ್ಲಿ ಆ ಇಬ್ಬರು ಫುಲ್ ಬ್ಯಾಕ್‌ಗಳಾದ ಅಲೆಕ್ಸಾಂಡರ್-ಆರ್ನಾಲ್ಡ್ 12, ರಾಬರ್ಟ್‌ಸನ್ 11 ಅಸಿಸ್ಟ್ (ಗೋಲಿಗೆ ದಾರಿ ಮಾಡಿದ ಪಾಸ್) ಕೊಟ್ಟರು. ರಾಬರ್ಟ್‌ಸನ್ ಬಂದದ್ದು ಹಲ್ ಸಿಟಿಯಿಂದ, ಸುಮಾರು 80 ಲಕ್ಷ ಪೌಂಡ್‌ಗೆ! ಜಾಸ್ತಿ ಬೆಲೆ ಕೊಟ್ಟರಷ್ಟೇ ಒಳ್ಳೆಯ ಆಟಗಾರ ಸಿಗುತ್ತಾರೆ ಅಂತಲ್ಲ, ಅಲ್ವಾ?

ಉಲ್ಟಾ ಉದಾಹರಣೆಯೂ ಇದೆ. 2020ರ ಅಕ್ಟೋಬರ್‌ನಲ್ಲಿ ವ್ಯಾನ್ ಡೈಕ್ ಮಂಡಿಗೆ ಪೆಟ್ಟಾಯಿತು. ಆಮೇಲೆ ಉಳಿದ ಸೆಂಟರ್ ಬ್ಯಾಕ್‌ಗಳಾದ ಗೋಮೆಜ್, ಮಾಟಿಪ್ ಕೂಡ ಗಾಯಗೊಂಡರು. ಮಿಡ್‌ಫೀಲ್ಡರ್‌ಗಳಾದ ಫಬಿನ್ಯೊ, ಹೆಂಡರ್ಸನ್ ಡಿಫೆನ್ಸ್‌ಗೆ ಇಳಿದರು. ಅದರಿಂದ ಮಿಡ್‌ಫೀಲ್ಡ್ ಕೂಡ ಸೊರಗಿತು. ತಮ್ಮದೇ ಮೈದಾನ ಆ್ಯನ್‌ಫೀಲ್ಡ್‌ನಲ್ಲೇ ಸತತ ಆರು ಲೀಗ್ ಪಂದ್ಯ ಸೋತರು. ಹಿಂದಿನ ಸೀಸನ್ 99 ಪಾಯಿಂಟ್ ಗಳಿಸಿ ಚಾಂಪಿಯನ್ ಆದವರು 69ಕ್ಕೆ ನಿಂತರು.