ಬೀಟೆ ಕಪ್ಪು ಹಲಸಿಗೆ ಹತ್ತಿದರೆ?

ಪ್ರಶ್ನೆ: ಬೀಟೆ (ರೋಸ್‌ವುಡ್), ಹಲಸಿನ ಮರದ ಪಟ್ಟಿ ಜೋಡಿಸಿ ಕುಂಕುಮದ ಪೆಟ್ಟಿಗೆ ಮಾಡಿದೆ. ಪಾಲಿಷ್ ಹಚ್ಚಿದ ಮೇಲೆ ಹಳದಿ ಭಾಗವೆಲ್ಲ ಕೊಳೆ ಮೆತ್ತಿದ ಹಾಗೆ ಕಾಣುತ್ತಿದೆ. ಮುಚ್ಚಳವೂ ಈಗ ಮಳೆಗೆ ಕಚ್ಚಿಕೊಂಡಿದೆ. ಏನು ಮಾಡಲಿ?

ಉತ್ತರ: ಅದು ಕೊಳೆಯಲ್ಲ, ಬೀಟೆಯ ಬಣ್ಣ. ಸ್ಯಾಂಡ್ ಪೇಪರ್ ತಿಕ್ಕುವಾಗ ಏಳುವ ಕಪ್ಪು ಹುಡಿ ಹಲಸಿನ ರಂಧ್ರಗಳಲ್ಲಿ ಕೂರುತ್ತದೆ, ಆಮೇಲೆ ಸ್ಪಿರಿಟ್ ಬೆರೆಸಿದ ಅರಗಿನ ಪಾಲಿಷ್ ಹಚ್ಚಿದರೆ ಬೀಟೆಯ ಅಂಟು ಬಣ್ಣವೂ ಕರಗಿ ಪಕ್ಕಕ್ಕೆ ಹರಿಯುತ್ತದೆ. ನಾನೂ ಹೀಗೆ ಎರಡು ಪೆಟ್ಟಿಗೆ ಹಾಳು ಮಾಡಿದ್ದೇನೆ ಬಿಡಿ! ಮೇಲಿನ ಪದರವನ್ನು ಒಡೆದ ಗಾಜಿನ ಅಂಚಿನಿಂದ ತೆಳ್ಳಗೆ ಹೆರೆಯಿರಿ, ಕೈಗೆ ದಪ್ಪ ಬಟ್ಟೆ ಇರಲಿ. ಹುಡಿಯನ್ನು ಬ್ರಷ್‌ನಿಂದ ತೆಗೆಯಿರಿ, ಒದ್ದೆ ಬಟ್ಟೆ ಬೇಡ. ಮೊದಲ ಕೋಟ್ ಸಣ್ಣ ಕುಂಚದಲ್ಲಿ ಹಲಸಿಗೆ ಮಾತ್ರ. ಅದು ಒಣಗಿದ ಮೇಲೆ ಉಳಿದ ಕೋಟ್, ಅದೂ ಪಟ್ಟಿಯ ಉದ್ದಕ್ಕೆ, ಅಡ್ಡಡ್ಡ ಎಳೆದರೆ ಮತ್ತೆ ಅದೇ ಕಥೆ.

ಮೈಸೂರಿನ ಇನ್‌ಲೇ (ಮರದೊಳಗೆ ಬೇರೆ ಬಣ್ಣದ ತುಂಡು ಕೂರಿಸುವ) ಕೆಲಸದಲ್ಲೂ ಬೀಟೆಯ ಕಪ್ಪಿನ ಮೇಲೆ ಹಲಸಿನ ಹಳದಿ ಎದ್ದು ಕಾಣುವುದೇ ಚಂದ, ಅಲ್ವಾ?

ಮುಚ್ಚಳವನ್ನು ಈಗಲೇ ಹೆರೆಯಬೇಡಿ, ಬೇಸಿಗೆಯಲ್ಲಿ ಜಾಸ್ತಿ ಸಡಿಲವಾದೀತು. ಮಳೆ ನಿಂತ ಮೇಲೆ ನೋಡಿ. ಮರ ಹಿಗ್ಗುವುದು ಎಳೆಗೆ ಅಡ್ಡಲಾಗಿ, ಹಾಗಾಗಿ ನಾಲ್ಕು ಇಂಚಿನ ಮುಚ್ಚಳಕ್ಕೆ ಆ ಕಡೆ ಒಂದು ಮಿ.ಮೀ. ಸಂದು ಬಿಟ್ಟರೆ ಸಾಕು.